ಅಪವಾದವೂ ಅಲ್ಲ, ಹಣೆಬರಹವೂ ಅಲ್ಲ

ಮನೋವಿಜ್ಞಾನಿಗಳ ಬಳಿ ಒಂದು ಹಳೆಯ ಪರೀಕ್ಷೆಯಿದೆ. ಮೇಜಿನ ಮೇಲೆ ಚಮಚ, ಫೋರ್ಕು, ಇಕ್ಕಳ, ಮೊಳೆ, ಬೀಗ, ಚೆಂಡು, ಸಿಗರೇಟು ಹೀಗೆ ದಿನಬಳಕೆಯ ಸಾಮಾನುಗಳನ್ನು ಹರಡುತ್ತಾರೆ. ಒಂದನ್ನು ಕೈಗೆ ಕೊಟ್ಟು, ಇದರ ಜೊತೆಗೆ ಹೊಂದುವಂಥವನ್ನೆಲ್ಲ ಒಟ್ಟುಮಾಡಿ, ಯಾಕೆ ಹೊಂದುತ್ತವೆ ಹೇಳಿ ಎನ್ನುತ್ತಾರೆ. ಇಕ್ಕಳ ಕೊಟ್ಟರೆ ಹೆಚ್ಚಿನವರು ಮೊಳೆ, ಸ್ಕ್ರೂಡ್ರೈವರ್ ಸೇರಿಸಿ ‘ಇವು ರಿಪೇರಿ ಸಾಮಾನು’ ಎಂದುಬಿಡುತ್ತಾರೆ. ಒಬ್ಬಿಬ್ಬರು ಮಾತ್ರ ಇಕ್ಕಳದ ಪಕ್ಕದಲ್ಲಿ ಬೀಗವನ್ನೂ ಸಿಗರೇಟನ್ನೂ ಇಟ್ಟು, ‘ಇವೆಲ್ಲ ಹಿಡಿದರೆ ಬಿಡದಂಥವು’ ಎಂದು ದೂರದ ನಂಟೊಂದನ್ನು ಕಟ್ಟಬಹುದು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಇಂಥ ಸಡಿಲವಾದ, ಸುತ್ತುಬಳಸಿನ ಜೋಡಣೆಗಳು ಹೆಚ್ಚು. ಇಲ್ಲದ ಧ್ವನಿ ಕೇಳಿಸುವುದು, ಯಾರೋ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂದು ಬಲವಾಗಿ ನಂಬುವುದು, ಮಾತಿನ ಎಳೆ ತಪ್ಪುವುದು ಈ ಕಾಯಿಲೆಯ ಎದ್ದು ಕಾಣುವ ಲಕ್ಷಣಗಳು. ನೂರರಲ್ಲಿ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ಬರುವ ಕಾಯಿಲೆ ಇದು.

1959ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ನೀಲ್ ಮೆಕಾನಗಿ ಇದೇ ಪರೀಕ್ಷೆಯನ್ನು ರೋಗಿಗಳಿಗಲ್ಲದೆ ಅವರ ಹೆತ್ತವರಿಗೂ ಕೊಟ್ಟರು. ಯೋಚನೆಯ ಎಳೆ ತಪ್ಪಿದ್ದ ಹತ್ತು ರೋಗಿಗಳ ಕುಟುಂಬಗಳನ್ನು ನೋಡಿದಾಗ, ಪ್ರತಿಯೊಬ್ಬ ರೋಗಿಯ ತಂದೆ ತಾಯಿಯರಲ್ಲಿ ಒಬ್ಬರಾದರೂ ಅದೇ ಬಗೆಯ ಸಡಿಲ ಜೋಡಣೆಗಳನ್ನು ಮಾಡಿದ್ದರು. ಅವರಿಗೆ ಕಾಯಿಲೆ ಇರಲಿಲ್ಲ. ಮನೆ, ಕೆಲಸ, ವ್ಯವಹಾರ ಎಲ್ಲ ನಡೆಸಿಕೊಂಡು ಬಂದವರೇ. ಮೆಕಾನಗಿ ಇದನ್ನು ಆನುವಂಶಿಕತೆಯ ಸುಳಿವೆಂದು ಓದಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಥಿಯೊಡೋರ್ ಲಿಡ್ಜ್ ಮತ್ತು ಸಂಗಡಿಗರು ಅದೇ ಪರೀಕ್ಷೆಯನ್ನು ರೋಗಿಗಳ ಹೆತ್ತವರಿಗೆ ಕೊಟ್ಟು, ಅವರಲ್ಲೂ ಯೋಚನೆಯ ಸಡಿಲತೆ ಕಂಡರು. ಆದರೆ ಅವರು ಓದಿದ ಅರ್ಥವೇ ಬೇರೆ: ತಾರ್ಕಿಕವಾಗಿ ಯೋಚಿಸಲಾರದ ತಂದೆತಾಯಿ ಮಕ್ಕಳಿಗೆ ಅತಾರ್ಕಿಕತೆಯನ್ನೇ ಕಲಿಸುತ್ತಾರೆ, ಕಾಯಿಲೆ ಅಲ್ಲಿಂದ ಹುಟ್ಟುತ್ತದೆ. ಒಂದೇ ಮೇಜು, ಒಂದೇ ಸಾಮಾನು, ಹೆಚ್ಚುಕಡಿಮೆ ಒಂದೇ ಫಲಿತಾಂಶ. ಒಬ್ಬರಿಗೆ ಅದು ರಕ್ತದಲ್ಲಿ ಹರಿದು ಬಂದದ್ದು, ಇನ್ನೊಬ್ಬರಿಗೆ ಮನೆಯವರು ಮಾಡಿದ ಅಪರಾಧ. ರೋಗಿಗಳ ಹತ್ತಿರದ ಬಂಧುಗಳ ಯೋಚನಾಶೈಲಿಯ ಬಗ್ಗೆ ಅಂದಿನಿಂದ ಇಂದಿನವರೆಗೆ ಸಾಕಷ್ಟು ತಿಳುವಳಿಕೆ ಸೇರಿದೆ. ಅದನ್ನು ಓದುವಾಗ ನಾವು ಎರಡು ಕಡೆ ಜಾರುತ್ತೇವೆ. ಮೊದಲು ಅದನ್ನು ಅಪವಾದವಾಗಿ ಓದಿದೆವು, ಈಗ ಹಣೆಬರಹವಾಗಿ ಓದುತ್ತಿದ್ದೇವೆ. ಪುರಾವೆ ಈ ಎರಡನ್ನೂ ಒಪ್ಪುವುದಿಲ್ಲ.

ಅಪವಾದದ ಕಾಲ ಚಿಕ್ಕದೇನಲ್ಲ. 1948ರಲ್ಲಿ ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಶ್‌ಮನ್ ತಾಯಿಯ ಶೀತಲ, ದಬ್ಬಾಳಿಕೆಯ ನಡವಳಿಕೆಯೇ ಮಗುವಿನಲ್ಲಿ ಸ್ಕಿಜೋಫ್ರೇನಿಯಾ ತರುತ್ತದೆ ಎಂಬರ್ಥದ ಹಣೆಪಟ್ಟಿಯೊಂದನ್ನು ಬಳಕೆಗೆ ತಂದರು. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಜೊತೆಗಾರರು, ಬಾಯಲ್ಲಿ ಒಂದು, ಮುಖಭಾವದಲ್ಲಿ ಇನ್ನೊಂದು ಹೇಳುವ ಹೆತ್ತವರ ನಡುವೆ ಸಿಕ್ಕ ಮಗು ಯಾವ ದಾರಿಯೂ ಇಲ್ಲದೆ ಯೋಚನೆಯನ್ನೇ ಕಳೆದುಕೊಳ್ಳುತ್ತದೆ ಎಂಬ ವಾದ ಮಂಡಿಸಿದರು. ಪಶ್ಚಿಮದ ಆಸ್ಪತ್ರೆಗಳಲ್ಲಿ ಎರಡು ಮೂರು ದಶಕ ಕಾಲ ತಾಯಂದಿರು ಆರೋಪಿಗಳಂತೆ ಕುಳಿತರು. ಈ ವಾದಗಳಲ್ಲಿ ಒಂದು ದೊಡ್ಡ ತೂತು ಇತ್ತು. ಹೆತ್ತವರು ಮಗುವಿಗೆ ಮನೆಯನ್ನೂ ಕೊಡುತ್ತಾರೆ, ವಂಶವಾಹಿಗಳನ್ನೂ ಕೊಡುತ್ತಾರೆ. ಯಾವುದು ಯಾವುದರ ಫಲವೆಂದು ಒಂದೇ ಸೂರಿನಡಿಯ ಕುಟುಂಬವನ್ನು ನೋಡಿ ಬಿಡಿಸಿ ಹೇಳಲಾಗದು. ಬಿಡಿಸಬೇಕಾದರೆ ಹೆತ್ತವರು ಒಬ್ಬರು, ಸಾಕಿದವರು ಇನ್ನೊಬ್ಬರು ಆಗಿರುವ ಮಕ್ಕಳು ಬೇಕು.

ಅಂಥ ಮಕ್ಕಳನ್ನು ಲಿಯೊನಾರ್ಡ್ ಹೆಸ್ಟನ್ 1966ರಲ್ಲಿ ಹುಡುಕಿ ತೆಗೆದರು. ಅಮೆರಿಕದ ಆರೆಗಾನ್ ರಾಜ್ಯದ ಮಾನಸಿಕ ಆಸ್ಪತ್ರೆಯಲ್ಲಿದ್ದ ಸ್ಕಿಜೋಫ್ರೇನಿಯಾ ಪೀಡಿತ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆಡೆ ಬೆಳೆಯಲು ಹೋದ 47 ಮಂದಿಯನ್ನು, ಅದೇ ರೀತಿ ಬೇರೆಡೆ ಬೆಳೆದ ಆದರೆ ತಾಯಿಗೆ ಈ ಕಾಯಿಲೆ ಇಲ್ಲದ 50 ಮಂದಿಯ ಜೊತೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಐವರಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಎರಡನೆಯದರಲ್ಲಿ ಒಬ್ಬರಿಗೂ ಇಲ್ಲ. ತಾಯಿಯ ಮಾತು, ಮುಖಭಾವ ಯಾವುದೂ ಈ ಮಕ್ಕಳನ್ನು ತಲುಪಿರಲಿಲ್ಲ. ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಜಾಲಾಡಿದ ಸೀಮೋರ್ ಕೆಟಿ ಮತ್ತು ಸಂಗಡಿಗರಿಗೂ ಕಾಯಿಲೆ ಮತ್ತು ಅದರ ಸೌಮ್ಯ ರೂಪಗಳು ಸಾಕಿದವರ ಕಡೆಗಿಂತ ಹೆತ್ತವರ ಕಡೆಯ ಬಂಧುಗಳಲ್ಲೇ ಹೆಚ್ಚಾಗಿ ಕಂಡವು. ಗರ್ಭದಲ್ಲೇ ಏನೋ ಆಗಿರಬಹುದಲ್ಲ ಎಂಬ ಆಕ್ಷೇಪಕ್ಕೂ ಅವರ ಬಳಿ ಉತ್ತರವಿತ್ತು. ತಂದೆ ಒಬ್ಬನೇ ಆಗಿದ್ದು ತಾಯಂದಿರು ಬೇರೆಯಾದ ಒಡಹುಟ್ಟುಗಳಲ್ಲೂ ಕಾಯಿಲೆಯ ಪ್ರಮಾಣ ಹೆಚ್ಚಿತ್ತು. ಅವರು ಒಂದೇ ಗರ್ಭವನ್ನು ಹಂಚಿಕೊಂಡವರಲ್ಲ. ತಾಯಂದಿರ ಮೇಲಿನ ಆರೋಪ ಇಲ್ಲಿಗೆ ಬಿದ್ದುಹೋಯಿತು. ಆದರೆ ಮೆಕಾನಗಿ ಕಂಡಿದ್ದ ಆ ಸಡಿಲ ಜೋಡಣೆಗಳು ಬಿದ್ದುಹೋಗಲಿಲ್ಲ. ಅವುಗಳಿಗೆ ಹೊಸ ಅರ್ಥ ಬಂತು.

ಆಮೇಲಿನ ದಶಕಗಳಲ್ಲಿ ಪರೀಕ್ಷೆಗಳು ಹರಿತವಾದವು. ಪದಗಳ ಪಟ್ಟಿಯೊಂದನ್ನು ಓದಿ ಹೇಳಿ ಸ್ವಲ್ಪ ಹೊತ್ತಿನ ಮೇಲೆ ನೆನಪಿಸಿಕೊಳ್ಳಲು ಕೇಳುವುದು, ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದು, ಪರದೆಯ ಮೇಲೆ ಒಂದರ ಹಿಂದೊಂದು ಬರುವ ಅಕ್ಷರಗಳಲ್ಲಿ ಗೊತ್ತುಮಾಡಿದ್ದು ಬಂದಾಗ ಮಾತ್ರ ಗುಂಡಿ ಒತ್ತಿಸುವುದು, ಆಟದ ನಿಯಮವನ್ನು ಹೇಳದೆಯೇ ಬದಲಿಸಿ ಹೊಸ ನಿಯಮವನ್ನು ಎಷ್ಟು ಬೇಗ ಹಿಡಿಯುತ್ತಾರೆಂದು ನೋಡುವುದು ಇವೆಲ್ಲ ಬಳಕೆಗೆ ಬಂದವು. ಇಂಥ 37 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಶ್ಲೇಷಣೆಯೊಂದು 2004ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂತು. ಕಾಯಿಲೆಯಿಲ್ಲದ ಹತ್ತಿರದ ಬಂಧುಗಳು ಸಾಮಾನ್ಯ ಜನರಿಗಿಂತ ಸರಾಸರಿಯಲ್ಲಿ ಸ್ವಲ್ಪ ಹಿಂದಿದ್ದರು. ಕೇಳಿದ ಪದಗಳ ನೆನಪು, ಯೋಜಿಸಿ ದಾರಿ ಬದಲಿಸುವ ಸಾಮರ್ಥ್ಯ ಇವುಗಳಲ್ಲಿ ಅಂತರ ಹೆಚ್ಚು, ಗಮನ ನಿಲ್ಲಿಸುವುದರಲ್ಲಿ ಕಡಿಮೆ. ರೋಗಿಗಳಲ್ಲಿ ಕಾಣುವ ಕೊರತೆಗಳದೇ ತಿಳಿಯಾದ ರೂಪ ಇದು.

ತರ್ಕದ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ಸೂಕ್ಷ್ಮ. ಹುಚ್ಚು ಎಂದರೆ ತರ್ಕ ತಪ್ಪಿದ್ದು ಎಂಬ ನಂಬಿಕೆ ಎಲ್ಲೆಡೆ ಇದೆ. ‘ಎಲ್ಲ ಮರಗಳೂ ಹಾಡುತ್ತವೆ, ಹಲಸು ಮರ, ಆದ್ದರಿಂದ ಹಲಸು ಹಾಡುತ್ತದೆ’ ಎಂಬ ವಾದ ಅಸಂಬದ್ಧವೆನಿಸಿದರೂ ತರ್ಕದ ಲೆಕ್ಕದಲ್ಲಿ ಸರಿ. ಲೋಕಜ್ಞಾನಕ್ಕೆ ವಿರುದ್ಧವಾದ ಇಂಥ ವಾದಗಳನ್ನು ತೂಗಲು ಕೊಟ್ಟಾಗ ಸ್ಕಿಜೋಫ್ರೇನಿಯಾ ಇರುವವರು ಆರೋಗ್ಯವಂತರಿಗಿಂತ ಹೆಚ್ಚು ತರ್ಕಬದ್ಧವಾಗಿ ಉತ್ತರಿಸಿದರೆಂದು 2007ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಅಂದರೆ ಕೊರತೆ ತರ್ಕದ ಕೊಂಡಿಗಳಲ್ಲಿಲ್ಲ. ಎಷ್ಟು ಪುರಾವೆ ಸಿಕ್ಕರೆ ಸಾಕು, ಲೋಕಾನುಭವಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಅಂದಾಜಿನಲ್ಲಿದೆ. ಇದನ್ನು ಹಿಡಿಯಲು 1988ರಿಂದ ಬಳಕೆಯಲ್ಲಿರುವ ಮಣಿಗಳ ಪರೀಕ್ಷೆಯಿದೆ. ಎರಡು ಜಾಡಿಗಳಲ್ಲಿ ಎರಡು ಬಣ್ಣದ ಮಣಿಗಳು, ಒಂದರಲ್ಲಿ 85ಕ್ಕೆ 15, ಇನ್ನೊಂದರಲ್ಲಿ ಅದಕ್ಕೆ ತಿರುಗಾಮುರುಗ. ಯಾವ ಜಾಡಿಯೆಂದು ತೋರಿಸದೆ ಒಂದೊಂದೇ ಮಣಿ ತೆಗೆಯುತ್ತ ಹೋಗುತ್ತಾರೆ. ಖಾತ್ರಿಯಾದಾಗ ಜಾಡಿ ಯಾವುದೆಂದು ಹೇಳಬೇಕು. ಭ್ರಮೆಗಳಿರುವ ರೋಗಿಗಳಲ್ಲಿ ಅನೇಕರು ಒಂದೆರಡು ಮಣಿಗಳಿಗೇ ತೀರ್ಮಾನ ಕೊಟ್ಟುಬಿಡುತ್ತಾರೆ. ಅವರ ಬಂಧುಗಳು ರೋಗಿಗಳಿಗೂ ಸಾಮಾನ್ಯರಿಗೂ ನಡುವಿನ ಸ್ಥಾನದಲ್ಲಿರುವಂತೆ 2006ರ ಡಚ್ ಅಧ್ಯಯನದಲ್ಲಿ ಕಂಡಿತು. ಆದರೆ ಮುಂದೆ ಯುರೋಪಿನ ಹಲವು ಊರುಗಳಲ್ಲಿ ನಡೆದ ದೊಡ್ಡ ಅಧ್ಯಯನ ಇನ್ನೊಂದು ಮಾತನ್ನೂ ಸೇರಿಸಿತು: ಈ ಆತುರದ ತೀರ್ಮಾನದ ಬಹುಪಾಲು ಒಟ್ಟಾರೆ ಬುದ್ಧಿಸಾಮರ್ಥ್ಯದ ವ್ಯತ್ಯಾಸದಿಂದಲೇ ವಿವರಣೆಗೆ ಸಿಗುತ್ತದೆ. ‘ಭ್ರಮೆ ಹುಟ್ಟಿಸುವ ತರ್ಕ’ ಎಂಬುದೊಂದು ಮನೆತನದಲ್ಲಿ ಪ್ರತ್ಯೇಕವಾಗಿ ಇಳಿದು ಬರುತ್ತದೆ ಎನ್ನುವ ಮೊದಲು ಈ ಫಲಿತಾಂಶವನ್ನು ನೆನೆಯಬೇಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ, ದುಡ್ಡಿನ ಅಡಚಣೆ, ಊರವರ ಮಾತು. ಇಷ್ಟು ಹೊತ್ತವರು ಪದಗಳ ಪಟ್ಟಿ ಮರೆತರೆ ಅದರಲ್ಲಿ ವಂಶವಾಹಿಯ ಪಾತ್ರವೇನು? ದಣಿವು, ಖಿನ್ನತೆ ಅಂಕಗಳನ್ನು ತಗ್ಗಿಸುತ್ತವೆ ಎಂಬುದು ದಿಟ. ಅಂತರದ ಒಂದಷ್ಟು ಪಾಲು ಅವುಗಳದೂ ಇರಬಹುದು. ಆದರೆ ಪೂರ್ತಿ ಅಂತರ ಅದರಿಂದಲೇ ಬಂದಿದ್ದರೆ ರಕ್ತಸಂಬಂಧದ ಹತ್ತಿರ ದೂರಗಳಿಗೆ ತಕ್ಕಂತೆ ಅದು ಏರಿಳಿಯಬಾರದಿತ್ತು. ಫಿನ್‌ಲೆಂಡಿನ ಅವಳಿಗಳನ್ನು ಪರೀಕ್ಷಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗಿಲ್ಲ. ಕಾಯಿಲೆಯಿಲ್ಲದವರನ್ನಷ್ಟೇ ನೋಡಿದಾಗ, ವಂಶವಾಹಿಗಳೆಲ್ಲ ಒಂದೇ ಆದ ತದ್ರೂಪಿ ಅವಳಿಗಳಲ್ಲಿ ಕೊರತೆ ಹೆಚ್ಚು, ಅರ್ಧದಷ್ಟು ಮಾತ್ರ ಹಂಚಿಕೊಂಡ ಅವಳಿಗಳಲ್ಲಿ ಕಡಿಮೆ. ಮನೆಯ ಸಂಕಟ ಇಬ್ಬರಿಗೂ ಒಂದೇ. 2003ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಆರೋಗ್ಯವಂತ ಒಡಹುಟ್ಟಿದವರ ಮಿದುಳನ್ನು ಸ್ಕ್ಯಾನ್ ಮಾಡುತ್ತ ನೆನಪಿನ ಲೆಕ್ಕಗಳನ್ನು ಕೊಟ್ಟರು. ಅವರ ಉತ್ತರಗಳು ಉಳಿದವರಷ್ಟೇ ಸರಿಯಿದ್ದವು; ಆದರೆ ಹಣೆಯ ಹಿಂದಿನ ಭಾಗ ಅದೇ ಕೆಲಸಕ್ಕೆ ಹೆಚ್ಚು ದುಡಿಯುತ್ತಿತ್ತು. ಐಸ್‌ಲೆಂಡಿನಲ್ಲಿ 2014ರಲ್ಲಿ ಇನ್ನೂ ನೇರವಾದ ಪುರಾವೆ ಸಿಕ್ಕಿತು. ಕಾಯಿಲೆಯ ಅಪಾಯ ಹೆಚ್ಚಿಸುವ ವರ್ಣತಂತುಗಳ ಅಪರೂಪದ ಬದಲಾವಣೆಗಳನ್ನು ಹೊತ್ತೂ ಕಾಯಿಲೆಯಾಗದೆ ಉಳಿದವರು, ಗಮನ, ನೆನಪುಗಳ ಪರೀಕ್ಷೆಗಳಲ್ಲಿ ರೋಗಿಗಳಿಗೂ ಸಾಮಾನ್ಯರಿಗೂ ಮಧ್ಯದಲ್ಲಿದ್ದರು. ಅಂಥ ಒಂದು ಬದಲಾವಣೆ ಇದ್ದವರಲ್ಲಿ ಓದುವ, ಲೆಕ್ಕ ಮಾಡುವ ತೊಡಕುಗಳೂ ಕಂಡವು.

ಹಾಗಾದರೆ ಎಲ್ಲವೂ ರಕ್ತದಲ್ಲೇ ಬರೆದಿದೆಯೇ? ಜಾರುವ ಎರಡನೆಯ ಜಾಗ ಇದೇ. ‘ಸರಾಸರಿಯಲ್ಲಿ ಹಿಂದು’ ಎಂಬ ಮಾತು ಎಷ್ಟು ಚಿಕ್ಕ ಅಂತರವನ್ನು ಹೇಳುತ್ತದೆಂದು ಮೊದಲು ಅರಿಯಬೇಕು. 2004ರ ಆ ವಿಶ್ಲೇಷಣೆಯಲ್ಲಿ ಅತಿ ಹೆಚ್ಚು ಅಂತರ ಕಂಡ ಪರೀಕ್ಷೆಗಳಲ್ಲೂ ಅದು ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಅರ್ಧ ಮಾನಕ ವಿಚಲನೆಯಷ್ಟು. ಇದನ್ನು ಜನರ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ: ರೋಗಿಯ ಒಬ್ಬ ಬಂಧುವನ್ನೂ ದಾರಿಹೋಕ ಒಬ್ಬರನ್ನೂ ಕೂರಿಸಿ ಪರೀಕ್ಷೆ ಕೊಡುವುದನ್ನು ನೂರು ಸಲ ಮಾಡಿದರೆ, ಸುಮಾರು 36 ಸಲ ಬಂಧುವೇ ಹೆಚ್ಚು ಅಂಕ ಪಡೆಯುತ್ತಾರೆ. ಬಂಧುಗಳಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಬ್ಬರು ಇಡೀ ಜನಸಮುದಾಯದ ಸರಾಸರಿಯನ್ನು ಮೀರಿಸುತ್ತಾರೆ. ಎರಡು ಊರುಗಳ ಜನರ ಸರಾಸರಿ ಎತ್ತರದಲ್ಲಿ ಒಂದೆರಡು ಅಂಗುಲ ವ್ಯತ್ಯಾಸವಿದ್ದರೆ ಸಂತೆಯಲ್ಲಿ ಸಿಕ್ಕ ಒಬ್ಬನ ಎತ್ತರ ನೋಡಿ ಅವನು ಯಾವ ಊರಿನವನೆಂದು ಹೇಳಲಾದೀತೇ? ಈ ಅಂತರವೂ ಅಷ್ಟರದೇ. ಗುಂಪುಗಳನ್ನು ಹೋಲಿಸುವ ವಿಜ್ಞಾನಿಗೆ ಅದು ಅಮೂಲ್ಯ. ಒಬ್ಬ ಅಣ್ಣನನ್ನೋ ಮಗಳನ್ನೋ ಅಳೆಯಲು ಹೊರಟವರಿಗೆ ಅದರಿಂದ ಪ್ರಯೋಜನವಿಲ್ಲ. ಮೆಕಾನಗಿಯೇ 1968ರಲ್ಲಿ ಜೊತೆಗಾರರೊಬ್ಬರೊಂದಿಗೆ ಸೇರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೂ ಅವರ ಹೆತ್ತವರನ್ನೂ ಪರೀಕ್ಷಿಸಿದಾಗ, ಕಾಯಿಲೆಯ ಸುಳಿವೂ ಇಲ್ಲದ ಮನೆಗಳಲ್ಲಿ ಇದೇ ಸಡಿಲ ಜೋಡಣೆಯ ಶೈಲಿ ಹೆತ್ತವರಲ್ಲೂ ಮಕ್ಕಳಲ್ಲೂ ಜೊತೆಜೊತೆಗೆ ಕಂಡಿತು. ಅದು ಕಾಯಿಲೆಯ ಸ್ವತ್ತಲ್ಲ, ಮನುಷ್ಯರು ಯೋಚಿಸುವ ಹಲವು ಬಗೆಗಳಲ್ಲಿ ಒಂದು ಎಂಬ ತೀರ್ಮಾನಕ್ಕೆ ಅವರು ಬಂದರು.

ಅಂಕಗಳಿಂದ ಭವಿಷ್ಯ ಹೇಳುವ ಪ್ರಯತ್ನವೂ ನಡೆದಿದೆ. 1971ರಲ್ಲಿ ಶುರುವಾದ ನ್ಯೂಯಾರ್ಕಿನ ಯೋಜನೆಯೊಂದು ಕಾಯಿಲೆಯಿರುವ ಹೆತ್ತವರ ಮಕ್ಕಳನ್ನು ಚಿಕ್ಕಂದಿನಿಂದ ದೊಡ್ಡವರಾಗುವವರೆಗೂ ಹಿಂಬಾಲಿಸಿತು. ಮುಂದೆ ಕಾಯಿಲೆಯಾದವರಲ್ಲಿ 83 ಶೇಕಡಾ ಮಂದಿಗೆ ಬಾಲ್ಯದಲ್ಲೇ ಪದಗಳ ನೆನಪಿನ ಕೊರತೆಯಿತ್ತು. ಕೇಳಿದರೆ ಭವಿಷ್ಯವಾಣಿಯೇ ಸಿಕ್ಕಂತಿದೆ. ಆದರೆ ಕಾಯಿಲೆಯಾಗದ ಮಕ್ಕಳಲ್ಲೂ 18ರಿಂದ 28 ಶೇಕಡಾ ಮಂದಿ ಇಂಥ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಕಾಯಿಲೆಯಿರುವ ಹೆತ್ತವರ ನೂರು ಮಕ್ಕಳಲ್ಲಿ ಹತ್ತು ಮಂದಿಗೆ ಮುಂದೆ ಕಾಯಿಲೆ ಬರುತ್ತದೆಂದು ಇಟ್ಟುಕೊಂಡು ಲೆಕ್ಕ ಹಾಕಿ: ಪರೀಕ್ಷೆ ಎಂಟು ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, ಜೊತೆಗೆ ಹದಿನಾರರಿಂದ ಇಪ್ಪತ್ತೈದು ಆರೋಗ್ಯವಂತ ಮಕ್ಕಳ ಹೆಸರನ್ನೂ ಪಟ್ಟಿಗೆ ಸೇರಿಸುತ್ತದೆ. ಕಾಯಿಲೆಯ ಅಪಾಯದ ಅಂಕಿಗಳೂ ಇದನ್ನೇ ಹೇಳುತ್ತವೆ. ಹೆತ್ತವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಆಸುಪಾಸು; ಅಂದರೆ ತೊಂಬತ್ತು ಮಂದಿಗೆ ಬರುವುದಿಲ್ಲ. ವಂಶವಾಹಿಗಳೆಲ್ಲ ಒಂದೇ ಆದ ಅವಳಿಗಳಲ್ಲೂ, 2018ರ ಡ್ಯಾನಿಶ್ ಅಧ್ಯಯನದ ಪ್ರಕಾರ, ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವುದು ಮೂರರಲ್ಲಿ ಒಂದು ಸಲ ಮಾತ್ರ. ಹಣೆಬರಹವಾಗಿದ್ದರೆ ಅದು ಮೂರಕ್ಕೆ ಮೂರು ಆಗಬೇಕಿತ್ತು. 2022ರ ಹೊತ್ತಿಗೆ ಈ ಕಾಯಿಲೆಗೆ ನಂಟಿರುವ ವಂಶವಾಹಿ ಭಾಗಗಳು 287 ಎಂದು ಎಣಿಕೆಯಾಗಿದೆ. ಸಾಮಾನ್ಯವಾಗಿ ಕಾಣುವ ಇಂಥ ಒಂದೊಂದು ಬದಲಾವಣೆಯ ಪ್ರಭಾವವೂ ಬಹಳ ಸಣ್ಣದು, ಮತ್ತು ಅವುಗಳಲ್ಲಿ ಕೆಲವನ್ನಾದರೂ ನಾವೆಲ್ಲರೂ ಹೊತ್ತಿದ್ದೇವೆ.

ಹಾಗೆಂದು ಮನೆಯ ವಾತಾವರಣಕ್ಕೆ ಯಾವ ಪಾತ್ರವೂ ಇಲ್ಲವೆಂದರೆ ಅದೂ ಅತಿಯಾಗುತ್ತದೆ. ಫಿನ್‌ಲೆಂಡಿನ ಪೆಕ್ಕಾ ಟಿಯೆನಾರಿ ಕಾಯಿಲೆಯಿರುವ ತಾಯಂದಿರಿಗೆ ಹುಟ್ಟಿ ಬೇರೆ ಮನೆಗಳಿಗೆ ದತ್ತು ಹೋದ ಮಕ್ಕಳನ್ನು ಬಹುಕಾಲ ಗಮನಿಸಿ, 2004ರಲ್ಲಿ ಫಲಿತಾಂಶ ಕೊಟ್ಟರು. ಜಗಳ, ಗೊಂದಲಗಳ ದತ್ತು ಮನೆಗಳಲ್ಲಿ ಬೆಳೆದಾಗ ಈ ಮಕ್ಕಳಿಗೆ ಅಪಾಯ ಹೆಚ್ಚಿತು. ನೆಮ್ಮದಿಯ ಮನೆಗಳಲ್ಲಿ ತಗ್ಗಿತು. ವಂಶದ ಅಪಾಯವಿಲ್ಲದ ಮಕ್ಕಳ ಮೇಲೆ ಮನೆಯ ಗದ್ದಲ ಅಷ್ಟು ಪರಿಣಾಮ ಮಾಡಲಿಲ್ಲ. ಇದನ್ನು ತಿರುಗಿಸಿ ಮತ್ತೆ ತಾಯಂದಿರ ಮೇಲೆ ಹೊರಿಸಬಹುದು. ಆದರೆ ಅಧ್ಯಯನದ ಮಾತು ಅದಕ್ಕಿಂತ ಭರವಸೆಯದು. ಹುಟ್ಟಿನಿಂದ ಬಂದ ಒಲವೊಂದು ಕಾಯಿಲೆಯ ಮಟ್ಟ ಮುಟ್ಟಬೇಕಾಗಿಲ್ಲ, ಆಸರೆ ಅದನ್ನು ತಡೆಯಬಲ್ಲದು.

ಇನ್ನೊಂದು ಬಗೆಯ ಓದು ಕೇಳಲು ಇಂಪು. ದೂರದ ನಂಟು ಕಾಣುವ ಮನಸ್ಸೇ ಕವಿಯ ಮನಸ್ಸಲ್ಲವೇ, ಈ ಕುಟುಂಬಗಳಲ್ಲಿ ಪ್ರತಿಭೆ ಹರಿಯುತ್ತದಲ್ಲವೇ? ಇದಕ್ಕೆ ಆಧಾರವಿಲ್ಲದಿಲ್ಲ. ಹೆಸ್ಟನ್ ಅವರ 47 ಮಂದಿಯಲ್ಲಿ ಯಾವ ತೊಂದರೆಯೂ ಇಲ್ಲದೆ ಬೆಳೆದ 21 ಮಂದಿ ಹೋಲಿಕೆಯ ಗುಂಪಿಗಿಂತ ಹೆಚ್ಚು ಲವಲವಿಕೆಯ, ವರ್ಣಮಯ ಬದುಕಿನವರೆಂದು ಅವರೇ ಬರೆದಿದ್ದಾರೆ. ಸ್ವೀಡನ್ನಿನಲ್ಲಿ ಸುಮಾರು ಮೂರು ಲಕ್ಷ ರೋಗಿಗಳ ದಾಖಲೆಗಳನ್ನು ನೋಡಿದ 2011ರ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಆರೋಗ್ಯವಂತ ಒಡಹುಟ್ಟಿದವರು ಸೃಜನಶೀಲ ವೃತ್ತಿಗಳಲ್ಲಿ ನಿರೀಕ್ಷೆಗಿಂತ ಹೆಚ್ಚಿದ್ದರು. ರೋಗಿಗಳು ಒಟ್ಟಾರೆಯಾಗಿ ಹಾಗಿರಲಿಲ್ಲ. ಆದರೆ ವಂಶವಾಹಿ ಅಂಕಗಳಿಂದ ಸೃಜನಶೀಲತೆಯನ್ನು ಅಳೆಯಲು ಹೊರಟ ಐಸ್‌ಲೆಂಡಿನ 2015ರ ಕೆಲಸದಲ್ಲಿ ಅವು ವಿವರಿಸಿದ ಪಾಲು ಶೇಕಡಾ ಒಂದನ್ನೂ ಮುಟ್ಟಲಿಲ್ಲ. ಸರಾಸರಿಯ ಸಣ್ಣ ಅಂತರದಿಂದ ಒಬ್ಬರನ್ನು ಕೊರತೆಯವರೆಂದು ಕರೆಯುವುದು ತಪ್ಪಾದರೆ, ಅಷ್ಟೇ ಸಣ್ಣ ಅಂತರದಿಂದ ಒಬ್ಬರನ್ನು ಪ್ರತಿಭಾವಂತರೆಂದು ಮೆರೆಸುವುದೂ ಅದೇ ತಪ್ಪು. ಹೊಗಳಿಕೆಯಾದರೂ ಅದು ಹಣೆಪಟ್ಟಿಯೇ.

ನಮ್ಮ ನಾಡಿನಲ್ಲಿ ಈ ಹಣೆಪಟ್ಟಿಯ ಕಾಟ ಹೆಚ್ಚಾಗಿ ಕಾಣುವುದು ಗಂಡು ಹೆಣ್ಣು ಗೊತ್ತುಮಾಡುವಾಗ. ‘ಅವರ ಮನೆಯಲ್ಲಿ ಯಾರಿಗೋ ತಲೆ ಸರಿಯಿರಲಿಲ್ಲವಂತೆ’ ಎಂಬ ಒಂದು ಪಿಸುಮಾತಿಗೆ ಕುದುರಿದ ಸಂಬಂಧ ಮುರಿಯುತ್ತದೆ. ಆ ಹೆದರಿಕೆಗೆ ಕುಟುಂಬಗಳು ಕಾಯಿಲೆಯನ್ನೇ ಬಚ್ಚಿಡುತ್ತವೆ. ಬಚ್ಚಿಟ್ಟದ್ದರಿಂದ ಚಿಕಿತ್ಸೆ ತಡವಾಗುತ್ತದೆ. ವಂಶದ ಪಾತ್ರವಿದೆಯೆಂದು ವಿಜ್ಞಾನವೇ ಹೇಳುವಾಗ ಜನ ಹೆದರುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೂ ವಂಶದ ಪಾತ್ರವಿದೆ. ಅವುಗಳ ಬಗ್ಗೆ ನಾವು ಮನೆತನದ ಮರ್ಯಾದೆಯ ಪ್ರಶ್ನೆ ಎತ್ತುವುದಿಲ್ಲ. ಮೇಲಾಗಿ ಸ್ಕಿಜೋಫ್ರೇನಿಯಾ ಬಂದವರಲ್ಲಿ ಬಹುಪಾಲು ಮಂದಿಯ ತಂದೆತಾಯಿಗೆ ಆ ಕಾಯಿಲೆ ಇರುವುದಿಲ್ಲ. ಮನೆತನ ಜಾಲಾಡಿ ತಪ್ಪಿಸಿಕೊಳ್ಳುತ್ತೇವೆಂಬುದು ಲೆಕ್ಕಕ್ಕೇ ನಿಲ್ಲದ ಮಾತು.

ಬಂಧುಗಳ ಯೋಚನೆಯನ್ನು ಅಳೆಯುವುದರಿಂದ ಲಾಭ ಯಾರಿಗೆ ಎಂದರೆ, ಮೊದಲು ರೋಗಿಗಳಿಗೇ. ರೋಗಿಯ ಮರೆವು, ಗಮನದ ಕೊರತೆ ಮಾತ್ರೆಯಿಂದಲೋ, ವರ್ಷಗಟ್ಟಲೆ ಆಸ್ಪತ್ರೆ ವಾಸದಿಂದಲೋ, ಕಾಯಿಲೆಯಿಂದಲೇ ಬಂದದ್ದೋ ಎಂಬುದು ಹಳೆಯ ಜಗಳ. ಮಾತ್ರೆಯನ್ನೇ ಮುಟ್ಟದ ಒಡಹುಟ್ಟಿದವರಲ್ಲಿ ಅದರ ತಿಳಿಯಾದ ರೂಪ ಕಂಡಾಗ ಕನಿಷ್ಠ ಒಂದು ಪಾಲು ಮಾತ್ರೆಯದಲ್ಲ ಎಂದು ಗೊತ್ತಾಯಿತು. ಆದ್ದರಿಂದಲೇ ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಂಥ ಸಂಸ್ಥೆಗಳು 2016ರಿಂದ ಸೇರಿ ನಡೆಸುತ್ತಿರುವ ಯೋಜನೆಯಲ್ಲಿ, ಒಂದಕ್ಕಿಂತ ಹೆಚ್ಚು ಮಂದಿಗೆ ಗಂಭೀರ ಮಾನಸಿಕ ಕಾಯಿಲೆಯಿರುವ ಕುಟುಂಬಗಳ ಆರೋಗ್ಯವಂತ ಸದಸ್ಯರನ್ನೂ ಗಮನಿಸಲಾಗುತ್ತಿದೆ. ಇಲ್ಲಿ ಅಳೆಯುವಾಗ ಅಳತೆಗೋಲೂ ಇಲ್ಲಿನದೇ ಆಗಿರಬೇಕು. ಶಾಲೆ ಬಿಟ್ಟ ರೈತ ಮಹಿಳೆಯನ್ನು ಅಮೆರಿಕದ ಕಾಲೇಜು ವಿದ್ಯಾರ್ಥಿಯ ಅಂಕಗಳಿಗೆ ಹೋಲಿಸಿದರೆ ಎಲ್ಲರಲ್ಲೂ ಕೊರತೆಯೇ ಕಾಣುತ್ತದೆ; ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆ ವಯಸ್ಸು, ವಿದ್ಯಾಭ್ಯಾಸಗಳಿಗೆ ತಕ್ಕ ಭಾರತೀಯ ಮಾನದಂಡಗಳನ್ನು ಕೊಟ್ಟದ್ದು ಈ ಕಾರಣಕ್ಕೇ.

ಲಾಭ ಮನೆಯವರಿಗೂ ಇದೆ. ನಮ್ಮಲ್ಲಿ ಹೆಚ್ಚಿನ ರೋಗಿಗಳು ಇರುವುದು ಮನೆಯಲ್ಲಿ, ಮಾತ್ರೆ ಕೊಡುವವರು ತಾಯಿ, ಅಕ್ಕ, ಹೆಂಡತಿ, ತಮ್ಮ. ಅವರಲ್ಲಿ ಕೆಲವರಿಗಾದರೂ ಒಂದೇ ಸಲ ಕೇಳಿದ್ದನ್ನು ನೆನಪಿಡುವುದು ಕಷ್ಟವಾಗಬಹುದು, ದಣಿವು ಅದನ್ನು ಇನ್ನಷ್ಟು ಹೆಚ್ಚಿಸಬಹುದು. ಹಾಗಿರುವಾಗ ವೈದ್ಯರು ಐದು ನಿಮಿಷದಲ್ಲಿ ಹತ್ತು ಸೂಚನೆ ಹೇಳಿ ಕಳಿಸುವ ಬದಲು ಕನ್ನಡದಲ್ಲಿ ಬರೆದುಕೊಟ್ಟರೆ, ಕೇಳಿದ್ದನ್ನು ಒಮ್ಮೆ ತಿರುಗಿ ಹೇಳಿಸಿದರೆ ಎಲ್ಲರಿಗೂ ಒಳ್ಳೆಯದು. ಅದಕ್ಕೆ ಯಾರ ವಂಶವನ್ನೂ ಪರೀಕ್ಷಿಸಬೇಕಾಗಿಲ್ಲ. ಮನೆಯ ಹದಿಹರೆಯದ ಮಗು ಒಂಟಿಯಾಗುತ್ತ, ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುತ್ತ, ಅನುಮಾನಗಳಲ್ಲಿ ಮುಳುಗುತ್ತ ಹೋದರೆ, ಮನೆಯಲ್ಲಿ ಮೊದಲೇ ಒಬ್ಬರಿಗೆ ಕಾಯಿಲೆಯಿದ್ದುದನ್ನು ವೈದ್ಯರ ಮುಂದೆ ಮುಚ್ಚಿಡದೆ ಹೇಳುವುದು ಲೇಸು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕುಟುಂಬದ ಚರಿತ್ರೆಗೆ ಬೆಲೆಯಿರುವುದು ವೈದ್ಯರ ಕೋಣೆಯಲ್ಲಿ. ಅಲ್ಲಿ ಅದು ಚಿಕಿತ್ಸೆಯನ್ನು ಬೇಗ ಶುರುಮಾಡಿಸುತ್ತದೆ. ಮದುವೆಯ ಮಾತುಕತೆಯಲ್ಲಿ ಅದೇ ಚರಿತ್ರೆಯನ್ನು ತೀರ್ಪಿನಂತೆ ಓದಿದರೆ, ತೊಂಬತ್ತು ಮಂದಿ ಆರೋಗ್ಯವಂತರನ್ನು ಹತ್ತು ಮಂದಿಯ ಹೆಸರಿನಲ್ಲಿ ಶಿಕ್ಷಿಸಿದಂತಾಗುತ್ತದೆ. ಆ ಹತ್ತು ಮಂದಿಯೂ ಶಿಕ್ಷೆಗೆ ಅರ್ಹರೇನಲ್ಲ.